ದನಿಗೆ ಮೆಟ್ಟಿಲು ಅಡ್ಡಿಯೇ?

ಬೆಳಿಗ್ಗೆ ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ ರೇಡಿಯೋ ಹಚ್ಚುವ ರೂಢಿ ನಿಮ್ಮಲ್ಲಿ ಹಲವರಿಗೆ ಇನ್ನೂ ಇದೆಯಲ್ಲವೇ? ಅಂಕೋಲೆಯ ಆಚೀಚಿನವರಿಗಂತೂ ಕಾರವಾರ ಆಕಾಶವಾಣಿ ಮನೆಯ ಮಂದಿಯ ಹಾಗೆ. ಒಗ್ಗರಣೆಗೆ ಸಾಸಿವೆ ಹಾಕುತ್ತಾ ಕೇಳುತ್ತೇವೆ, ತೆಂಗಿನಕಾಯಿ ತುರಿಯುತ್ತಾ ಕೇಳುತ್ತೇವೆ. ಒಂದು ಮಾತು ಎಂದಾದರೂ ನಿಮ್ಮ ಮನಸ್ಸಿಗೆ ಬಂದಿದೆಯೇ? ಮಾತಾಡುವ ಆಕೆ ಎತ್ತರವೋ ಕುಳ್ಳೋ, ಊರುಗೋಲು ಹಿಡಿದು ಬಂದವಳೋ, ಗಾಲಿಕುರ್ಚಿಯಲ್ಲಿ ಕೂತವಳೋ ನಮಗೆ ಗೊತ್ತಾಗುವುದೇ ಇಲ್ಲ. ದನಿ ಹಿತವಾಗಿದ್ದು ಮಾತು ಸ್ಪಷ್ಟವಾಗಿದ್ದರೆ ನಮಗೆ ಸಾಕು.

ಹೀಗಿರುವಾಗ ಅಂಗವಿಕಲರಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇನ್ನಾವುದಿದೆ ಎಂದು ಯಾರಿಗಾದರೂ ಅನ್ನಿಸಬೇಕು. ನಮ್ಮ ನಾಡಿನಲ್ಲಿ ಇದಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 2010ರಲ್ಲಿ ಪದ್ಮಭೂಷಣ ಪಡೆದು ಅದೇ ವರ್ಷ ತೀರಿಕೊಂಡ ಪುಟ್ಟರಾಜರ ಹಾಡು ರೇಡಿಯೋದಲ್ಲಿ ಬಂದಾಗ ಕೇಳುಗರು ತಲೆದೂಗಿದರೇ ಹೊರತು ಅಯ್ಯೋ ಪಾಪ ಅಂದವರಿಲ್ಲ.

ಆದರೆ ಹಾಡಲು ಬರುವವರು ಅತಿಥಿಗಳು. ಅತಿಥಿಯನ್ನು ಬಾಗಿಲಿಗೆ ಹೋಗಿ ಕೈಹಿಡಿದು ಕರೆತರುತ್ತಾರೆ, ಮೈಕಿನ ಮುಂದೆ ಕೂರಿಸುತ್ತಾರೆ, ಮುಗಿದ ಮೇಲೆ ರಿಕ್ಷಾ ಹತ್ತಿಸುತ್ತಾರೆ. ದಿನಾ ಬಂದು ಸಂಬಳಕ್ಕೆ ದುಡಿಯುವವಳ ಪಾಡು ಬೇರೆ. ತಾನೇ ಒಳಗೆ ಬರಬೇಕು, ತಾನೇ ಗುಂಡಿ ಒತ್ತಬೇಕು, ನೀರಡಿಸಿದರೆ ತಾನೇ ಕುಡಿಯಬೇಕು, ಶೌಚಕ್ಕೆ ತಾನೇ ಹೋಗಿಬರಬೇಕು. ಅವಳನ್ನು ತಡೆಯುವುದು ದನಿಯಲ್ಲ, ಕಟ್ಟಡ. ಈ ಲೇಖನ ಆ ಕಟ್ಟಡದ ಬಗ್ಗೆ.

ಸಣ್ಣ ಬಾನುಲಿ ಎಂದರೆ ಎಷ್ಟು ಸಣ್ಣದು ಎಂದು ಕೇಳಬಹುದು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ನಮಗೆ ದಕ್ಕಿದ್ದು ಆ ಮನೆಯಿಂದ. ಇಂದಿನ ಸಮುದಾಯ ಬಾನುಲಿಯೂ ಹೆಚ್ಚುಕಡಿಮೆ ಅಷ್ಟೇ: ಎರಡು ಕೋಣೆ, ಒಂದು ಕಂಬ, ನಾಲ್ಕೈದು ಜನ. 2006ರಲ್ಲಿ ಕೇಂದ್ರ ಸರಕಾರ ಶಾಲಾ ಕಾಲೇಜುಗಳಿಗಷ್ಟೇ ಅಲ್ಲದೆ ಸ್ವಯಂಸೇವಾ ಸಂಸ್ಥೆಗಳಿಗೂ ಇಂಥ ಕೇಂದ್ರ ನಡೆಸಲು ಅವಕಾಶ ಕೊಟ್ಟಿತು. ಶಕ್ತಿ ಬರೇ 100 ವಾಟ್, ಕೇಳಿಸುವುದು ಹತ್ತು ಹದಿನೈದು ಕಿಲೋಮೀಟರ್ ಸುತ್ತಳತೆಯಲ್ಲಿ. ಕಾರ್ಯಕ್ರಮದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಊರವರೇ ಸೇರಿ ಮಾಡಿದ್ದಿರಬೇಕು.

ನಮ್ಮ ಭಾವಿಕೇರಿಯಲ್ಲಿ ಅಂಥದ್ದೊಂದು ಕೇಂದ್ರ ಆಯಿತು ಅಂತಿಟ್ಟುಕೊಳ್ಳಿ. ಅಂಕೋಲಾ, ಕೇಣಿ, ಬೇಲೆಕೇರಿಗಳಿಗೆ ಕೇಳಿಸುತ್ತದೆ. ಮೀನುಪೇಟೆಯ ದರ, ಬಂಡಿಹಬ್ಬದ ಸುದ್ದಿ, 2023ರಲ್ಲಿ ಭೌಗೋಳಿಕ ಸೂಚಿಕೆಯ ಗೌರವ ಪಡೆದ ನಮ್ಮ ಕರಿ ಇಶಾಡ ಮಾವಿನ ಮಾತು, ಬಸುರಿ ಬಾಣಂತಿಯರಿಗೆ ಸಲಹೆ... ವಿಷಯಕ್ಕೇನೂ ಬರವಿಲ್ಲ. ಕೇಂದ್ರಕ್ಕೆ ಯಾರೋ ಪುಣ್ಯಾತ್ಮರು ಹಳೇ ಮನೆ ಬಿಟ್ಟುಕೊಡುತ್ತಾರೆ. ನಮ್ಮ ಕಡೆಯ ಮನೆ ಹೇಗಿರುತ್ತದೆ, ನಿಮಗೇ ಗೊತ್ತು. ಮಳೆಗೆ ಹೆದರಿ ಚಿರೆಕಲ್ಲಿನ ಪಾಯ ಎತ್ತರಿಸಿರುತ್ತಾರೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಮುಂದೆ ಹೊಸ್ತಿಲು, ಒಳಗೆ ಕತ್ತಲೆ, ಬಚ್ಚಲು ಹಿತ್ತಲಿನಲ್ಲಿ.

ಮೊದಲು ಆ ಮೂರು ಮೆಟ್ಟಿಲು. ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ, ಅಂದರೆ ರ‍್ಯಾಂಪ್ ಮಾಡಿಬಿಟ್ಟರಾಯಿತು ಅಂತ ಗಂಡಸರು ಸುಲಭವಾಗಿ ಹೇಳಿಬಿಡುತ್ತಾರೆ. ಮೇಸ್ತ್ರಿ ಬಂದು ಎರಡು ಚೀಲ ಸಿಮೆಂಟು ಸುರಿದು ಬೈಕು ಹತ್ತಿಸುವ ಜಾರು ಮಾಡಿಕೊಟ್ಟು ಹೋಗುತ್ತಾನೆ. ಅದು ಬೈಕಿಗೇ ಸರಿ. ಗಾಲಿಕುರ್ಚಿಯವರು ತಾವೇ ತಳ್ಳಿಕೊಂಡು ಹತ್ತಬೇಕಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಎನ್ನುವುದು ನಿಯಮ. ಆರಾರು ಇಂಚಿನ ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ ಎತ್ತರ. ಅದಕ್ಕೆ ಹದಿನೆಂಟು ಅಡಿ ಉದ್ದದ ಇಳಿಜಾರು! ಅಂಗಳದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ನಡುವೆ ತಿರುವು ಕೊಟ್ಟು ಅಲ್ಲೊಂದು ಸಮತಟ್ಟು ಬಿಡಬಹುದು. ಅಗಲ ನಾಲ್ಕು ಅಡಿ ಇರಲಿ, ಎರಡೂ ಬದಿಗೆ ಹಿಡಿಕೆಯ ಸರಳಿರಲಿ. ಮೇಲೆ ನುಣ್ಣಗೆ ಗಾರೆ ತಿಕ್ಕಿಸಬೇಡಿ. ಜೂನ್ ಬಂತೆಂದರೆ ನಮ್ಮಲ್ಲಿ ಹಾವಸೆ ಕಟ್ಟಿ ಕಾಲಿದ್ದವರೇ ಬೀಳುತ್ತಾರೆ, ಊರುಗೋಲಿನವರ ಗತಿ ಏನು? ಒರಟು ಮೈ ಬೇಕು, ಮೇಲೊಂದು ತಗಡಿನ ಮಾಡು ಬೇಕು. ಮಳೆಗಾಲದಲ್ಲಿ ಅಂಗಳಕ್ಕೆ ಹಾಕುತ್ತೇವಲ್ಲ ಅಡಿಕೆ ದಬ್ಬೆ, ಅದು ಚಪ್ಪಲಿ ಕಾಲಿಗೆ ಸರಿ. ಗಾಲಿಗೂ ಕೋಲಿಗೂ ಅದರ ಸಂದು ವೈರಿ.

ದುಡ್ಡಿಗೇನು ಮಾಡುವುದು ಅಂತೀರಾ? ಗ್ರಾಮ ಪಂಚಾಯಿತಿಗಳು ಶೇಕಡಾ 5 ಭಾಗವನ್ನು ಅಂಗವಿಕಲರ ಸಲುವಾಗಿ ತೆಗೆದಿಡಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಗ್ರಾಮಸಭೆಗೆ ಹೋಗಿ ಆ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳುವ ಹಕ್ಕು ನಿಮಗುಂಟು. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಇನ್ನು ಸ್ಟುಡಿಯೋ. ಹೊರಗಿನ ಸದ್ದು ನುಸುಳಬಾರದೆಂದು ಅಲ್ಲಿ ಒಂದರ ಹಿಂದೆ ಒಂದು ಎರಡು ದಪ್ಪ ಬಾಗಿಲು ಇಡುತ್ತಾರೆ. ನಡುವಿನ ಜಾಗ ಒಬ್ಬರು ನಿಲ್ಲುವಷ್ಟು. ಗಾಲಿಕುರ್ಚಿಯವಳು ಮೊದಲ ಬಾಗಿಲು ದಾಟಿ ಎರಡನೆಯದನ್ನು ತೆರೆಯಲಾರದೆ ಇಲಿಬೋನಿನಲ್ಲಿ ಸಿಕ್ಕಿದ ಹಾಗೆ ಸಿಕ್ಕಿಬೀಳುತ್ತಾಳೆ! ಬಾಗಿಲಿನ ಅಗಲ ಮೂರು ಅಡಿ, ಕುರ್ಚಿ ತಿರುಗಲು ಐದು ಅಡಿ ಜಾಗ ಬಿಟ್ಟರೆ ತೊಂದರೆಯಿಲ್ಲ. ಸದ್ದು ತಡೆಯಲು ಹೊಸ್ತಿಲೇ ಬೇಕೆಂದಿಲ್ಲ, ಬಾಗಿಲಿನ ಅಡಿಗೆ ರಬ್ಬರು ಪಟ್ಟಿ ಕೂರಿಸಿದರೆ ನಡೆಯುತ್ತದೆ. ಮೇಜಿನ ಕೆಳಗೆ ಡ್ರಾಯರು, ಕಸದ ಬುಟ್ಟಿ, ವಯರಿನ ಗಂಟು ಏನೂ ಇರಕೂಡದು, ಮೊಣಕಾಲು ಸರಾಗ ಒಳಗೆ ಹೋಗಬೇಕು.

ಕಣ್ಣು ಕಾಣದವಳಿಗೆ ಬೇಕಾದ್ದು ಬೇರೆಯೇ. ಇಲ್ಲಿ ಎಂಜಿನಿಯರರಿಗಿಂತ ನಮ್ಮ ನಿಮ್ಮ ಬುದ್ಧಿಯೇ ಹೆಚ್ಚು ಉಪಯೋಗಕ್ಕೆ ಬರುವುದು ಎಂದು ನನ್ನ ಅಭಿಪ್ರಾಯ. ಕರೆಂಟು ಹೋದ ರಾತ್ರಿ ನೀವು ಸಾಂಬಾರ ಡಬ್ಬಿಗೆ ಕೈ ಹಾಕಿ ಜೀರಿಗೆಯನ್ನೇ ತೆಗೆಯುತ್ತೀರಲ್ಲ, ಹೇಗೆ? ಜೀರಿಗೆಯ ಬಟ್ಟಲು ಇಷ್ಟು ವರ್ಷ ಜಾಗ ಬಿಟ್ಟು ಕದಲಿಲ್ಲ, ಅದಕ್ಕೆ. ಸೊಸೆಯೋ ಮಗಳೋ ಒಂದು ದಿನ ಅದಲುಬದಲು ಮಾಡಿಟ್ಟರೆ ಸಾರು ಕೆಟ್ಟಿತು. ಸ್ಟುಡಿಯೋ ಮೇಜಿನ ಮೇಲೂ ಹಾಗೆಯೇ. ದನಿ ಏರಿಸಿ ಇಳಿಸುವ ಗುಂಡಿಗಳು ಸಾಲಾಗಿ ಇರುತ್ತವೆ: ಮೊದಲನೆಯದು ಮೈಕು, ಎರಡನೆಯದು ಅತಿಥಿಯ ಮೈಕು, ಮೂರನೆಯದು ಹಾಡು. ಈ ಸಾಲನ್ನು ಯಾರೂ ತಮ್ಮ ಅನುಕೂಲಕ್ಕೆ ಬದಲಾಯಿಸಕೂಡದು. ಹೆಡ್‌ಫೋನು ತೂಗುವ ಮೊಳೆ, ನೀರಿನ ತಂಬಿಗೆ, ಕುರ್ಚಿ, ಎಲ್ಲದಕ್ಕೂ ಒಂದೇ ಜಾಗ. ಇದಕ್ಕೆ ಖರ್ಚು ಒಂದು ಪೈಸೆಯೂ ಇಲ್ಲ. ಆದರೆ ನೋಡಿ, ಪಾಲಿಸಲು ಅತಿ ಕಷ್ಟದ ನಿಯಮವೂ ಇದೇ. ಬಳಸಿದವರು ಬಳಸಿದಲ್ಲೇ ಬಿಟ್ಟುಹೋಗುವ ಚಾಳಿ ಮನೆಯಲ್ಲೇ ಬಿಡಿಸಲಾಗದೆ ನಾವು ಸೋತಿದ್ದೇವಲ್ಲ!

ಮುಖ್ಯ ಗುಂಡಿಯ ಗುರುತು ಬೆರಳಿಗೆ ಸಿಗಲು ಕಲ್ಲು ಕೂರಿಸಿದ ಹಣೆಯ ಬಿಂದಿ ಒಂದನ್ನು ಅಂಟಿಸಿ. ಬಿಂದಿ ಇಲ್ಲದಿದ್ದರೆ ಉಗುರುಬಣ್ಣದ ದಪ್ಪ ಹನಿ ಒಣಗಿದರೂ ಸಾಕು. ಪ್ರಸಾರ ನಡೆಯುತ್ತಿದೆ ಎಂದು ಸಾರುವ ಕೆಂಪು ದೀಪ ಅವಳಿಗೆ ಕಾಣದು. ಗಾಜಿನ ಆಚೆಯಿಂದ ಬೀಸುವ ಕೈಯೂ ಕಾಣದು. ಹೆಡ್‌ಫೋನಿನಲ್ಲಿ ‘ಹ್ಞಾಂ, ಶುರು ಮಾಡು’, ‘ಇನ್ನು ಒಂದು ನಿಮಿಷ’ ಎಂದು ಪಿಸುದನಿಯಲ್ಲಿ ಹೇಳುವ ಏರ್ಪಾಡಿದ್ದರೆ ಆಯಿತು. ಅದೂ ಇಲ್ಲದ ಬಡ ಕೇಂದ್ರದಲ್ಲಿ ಪಕ್ಕದಲ್ಲಿ ಕೂತವರು ಮುಂಗೈ ತಟ್ಟಿದರೂ ನಡೆದೀತು, ಹಾಗೆ ತಟ್ಟಬಹುದೇ ಎಂದು ಮೊದಲೇ ಅವಳನ್ನು ಕೇಳಿಕೊಂಡಿರಬೇಕು ಅಷ್ಟೇ.

ಬರೆದದ್ದನ್ನು ಓದುವುದು ಹೇಗೆ? ಬ್ರೈಲ್ ಬಲ್ಲವರು ಬೆರಳಿನಲ್ಲೇ ಓದುತ್ತಾ ನೇರ ಪ್ರಸಾರದಲ್ಲಿ ಮಾತಾಡಬಲ್ಲರು. ಹುಟ್ಟಿನಿಂದ ದೃಷ್ಟಿಯಿಲ್ಲದ ಪೀಟರ್ ವೈಟ್ ಎಂಬವರು ಬಿಬಿಸಿಯ ‘ಇನ್ ಟಚ್’ ಕಾರ್ಯಕ್ರಮವನ್ನು 1974ರಿಂದ ದಶಕಗಳ ಕಾಲ ನಡೆಸಿದ್ದು ಹೀಗೆಯೇ. ಬ್ರೈಲ್ ಬಾರದವರಿಗೆ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದು ಪೂರ್ತಿ ಉಚಿತ. 2006ರಲ್ಲಿ ಅದನ್ನು ಮಾಡಲು ಹೊರಟ ಆಸ್ಟ್ರೇಲಿಯಾದ ಯುವಕ ಮೈಕೆಲ್ ಕರನ್ ಸ್ವತಃ ಅಂಧ. ಅದು ಕನ್ನಡವನ್ನೂ ಓದುತ್ತದೆ, ಉಚ್ಚಾರ ಮಾತ್ರ ಸ್ವಲ್ಪ ಯಂತ್ರದ ಹಾಗೆ. ಒಂದು ಕಿವಿಯಲ್ಲಿ ಅದನ್ನು ಕೇಳುತ್ತಾ ಬಾಯಲ್ಲಿ ತನ್ನದೇ ಧಾಟಿಯಲ್ಲಿ ಹೇಳುವುದಕ್ಕೆ ತಿಂಗಳುಗಟ್ಟಲೆ ಸಾಧನೆ ಬೇಕು. ಕಲಿಯುವ ತನಕ ಕಾಯುವ ತಾಳ್ಮೆ ಕೇಂದ್ರಕ್ಕಿರಬೇಕು.

ಇಷ್ಟೆಲ್ಲ ಆಗುವ ಮಾತೇ ಎಂದು ಅನುಮಾನವಿದ್ದರೆ ‘ರೇಡಿಯೋ ಉಡಾನ್’ ಇದೆ. ಪಠಾಣ್‌ಕೋಟಿನ ದಾನಿಶ್ ಮಹಾಜನ್ ಮತ್ತು ಸಂಗಡಿಗರು 2014ರಲ್ಲಿ ಇಂಟರ್‌ನೆಟ್ಟಿನ ಮೂಲಕ ಶುರು ಮಾಡಿದ ಬಾನುಲಿ ಅದು. ನಡೆಸುವವರು ದೃಷ್ಟಿಹೀನರು, ಬೇರೆ ಬೇರೆ ಊರುಗಳಲ್ಲಿ ತಂತಮ್ಮ ಮನೆಗಳಲ್ಲೇ ಕೂತು ನಡೆಸುತ್ತಾರೆ.

ಕಿವಿ ಕೇಳದವರಿಗೆ ರೇಡಿಯೋದಲ್ಲಿ ಎಂಥ ಕೆಲಸ ಎಂದು ನಗಬೇಡಿ. ಲೆಕ್ಕಪತ್ರ, ಪತ್ರವ್ಯವಹಾರ, ಕಾರ್ಯಕ್ರಮದ ಪಟ್ಟಿ, ದನಿಯ ಮಟ್ಟ ತೋರಿಸುವ ಮುಳ್ಳಿನ ಮೇಲೆ ಕಣ್ಣಿಡುವುದು, ಇವೆಲ್ಲ ಇವೆಯಲ್ಲ. ಬಾಗಿಲ ಗಂಟೆಯ ಜೊತೆಗೆ ದೀಪವೂ ಮಿನುಗಬೇಕು. ಕೆಲಸದ ಸೂಚನೆ ಬಾಯಲ್ಲಿ ಹೇಳಿ ಮುಗಿಸದೆ ಚೀಟಿಯಲ್ಲೋ ಫೋನಿನಲ್ಲೋ ಬರೆದು ಕೊಡಬೇಕು.

ಈಗ ಯಾರೂ ಬಾಯಿಬಿಟ್ಟು ಹೇಳದ ವಿಷಯಕ್ಕೆ ಬರುತ್ತೇನೆ. ಹೆಣ್ಣುಮಕ್ಕಳು ಹೇಳಲಾರರು, ಗಂಡಸರಿಗೆ ತೋಚದು. ಅದೇ ಶೌಚಾಲಯ. ಎಷ್ಟೋ ಕಡೆ ಮುಂದೆ ಚೆಂದದ ಇಳಿಜಾರು ಕಟ್ಟಿ ಫೋಟೋ ತೆಗೆಸಿಕೊಂಡಿರುತ್ತಾರೆ, ಹಿಂದೆ ಹೋದರೆ ಶೌಚಾಲಯ ಎರಡು ಮೆಟ್ಟಿಲ ಮೇಲೆ. ಅಂಥಲ್ಲಿಗೆ ಕೆಲಸಕ್ಕೆ ಹೋಗುವ ಹುಡುಗಿ ಏನು ಮಾಡುತ್ತಾಳೆ? ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ನೀರು ಕುಡಿಯದೆ ದಿನವಿಡೀ ಮಾತಾಡಿದರೆ ಗಂಟಲು ಒಣಗುತ್ತದೆ, ದನಿ ಒಡೆಯುತ್ತದೆ, ಮೂತ್ರದ ಸೋಂಕು ಗಂಟುಬೀಳುತ್ತದೆ. ನಾಲ್ಕು ತಿಂಗಳಿಗೆ ‘ನನ್ನಿಂದಾಗದು’ ಎಂದು ಕೆಲಸ ಬಿಡುತ್ತಾಳೆ. ಊರವರು, ನೋಡಿದ್ರಾ, ಅವಳ ಕೈಲಿ ಆಗ್ಲಿಲ್ಲ ಅನ್ನುತ್ತಾರೆ! ಬಾಗಿಲು ಹೊರಗೆ ತೆರೆಯುವಂತಿರಲಿ, ಒಳಗೆ ಕುರ್ಚಿ ತಿರುಗುವಷ್ಟು ಜಾಗವಿರಲಿ, ಕೂರುವ ಕಮೋಡಿನ ಪಕ್ಕ ಗೋಡೆಗೆ ಗಟ್ಟಿ ಸರಳು, ಕೈಗೆಟಕುವಲ್ಲಿ ನಲ್ಲಿ ಮತ್ತು ಚಿಲಕ. ಹಣ ಒಂದಕ್ಕೇ ಸಾಲುತ್ತದೆ ಎಂದಾದರೆ ಮೊದಲು ಇದನ್ನು ಮಾಡಿ ಎಂದು ನಾನು ಹೇಳುತ್ತೇನೆ. ಇಳಿಜಾರಿಗೆ ನಾಲ್ಕು ದಿನ ಹಲಗೆ ಇಟ್ಟು, ಕುರ್ಚಿಯನ್ನು ಇಬ್ಬರು ಹಿಡಿದು ಸಾಗಿಸಬಹುದು. ಇದಕ್ಕೆ ಅಂಥ ಉಪಾಯವಿಲ್ಲ.

ಕಾನೂನೂ ಇದೆ. 1995ರ ಕಾಯ್ದೆಯ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ, ಸರಕಾರಿ ಕೆಲಸಗಳಲ್ಲಿ ಶೇಕಡಾ 4 ಮೀಸಲಾತಿ ಕೊಡುತ್ತದೆ. ಆದರೆ ನಾಲ್ಕು ಜನರ ಕೇಂದ್ರದಲ್ಲಿ ಶೇಕಡಾ ನಾಲ್ಕೆಂದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಸಣ್ಣ ಜಾಗಗಳಲ್ಲಿ ಊರವರ ಮನಸ್ಸೇ ಕಾನೂನು.

ಮನಸ್ಸಿನ ಮಾತು ಬಂದಾಗ ಮನೆಯೊಳಗಿನ ಹೊಸ್ತಿಲನ್ನೂ ನೋಡಬೇಕಾಗುತ್ತದೆ. ‘ಎಂತಕ್ಕೆ ಅದಕ್ಕೆ ತೊಂದ್ರೆ ಕೊಡೂದು, ಮನೇಲೇ ಇರ್ಲಿ ಪಾಪ’ ಎನ್ನುವ ಅಜ್ಜಿ, ದೊಡ್ಡಮ್ಮಂದಿರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರದು ಪ್ರೀತಿಯೇ, ಸುಳ್ಳಲ್ಲ. ಆದರೆ ತಾಯಿ ತಂದೆ ಹೋದ ಮೇಲೆ ಅತ್ತಿಗೆಯ ಕೈ ನೋಡಿಕೊಂಡು ಕೂರಬೇಕಾದವಳು ಆ ಮಗಳೇ. ತಿಂಗಳಿಗೆ ಕೆಲವೇ ಸಾವಿರ ರೂಪಾಯಿಯಾದರೂ ಅವಳ ಹೆಸರಿನ ಪಾಸ್‌ಬುಕ್ಕಿನಲ್ಲಿ ಬಿದ್ದರೆ ಮನೆಯಲ್ಲಿ ಅವಳ ಮಾತಿಗೆ ಬರುವ ತೂಕವೇ ಬೇರೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥ ಹುಡುಗಿ ಇದ್ದರೆ ಯುಡಿಐಡಿ ಗುರುತಿನ ಚೀಟಿ ಆಗಿದೆಯೇ ಎಂದು ಮೊದಲು ವಿಚಾರಿಸಿ. ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಒಬ್ಬರಿರುತ್ತಾರೆ, ಅವರೇ ದಾರಿ ಹೇಳಬೇಕು. ಆ ಮೇಲೆ ಅವಳ ದನಿಯನ್ನು ಒಮ್ಮೆ ಫೋನಿನಲ್ಲಿ ರೆಕಾರ್ಡು ಮಾಡಿ ಕೇಳಿ. ಹಾಸಿಗೆ ದಿಂಬು ಒಟ್ಟಿದ ಸಣ್ಣ ಕೋಣೆ ಒಳ್ಳೆಯದು, ಗೋಡೆಯಿಂದ ದನಿ ಮರಳಿ ಬಡಿಯುವುದಿಲ್ಲ. ಫೋನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಲಿ. ಏನನ್ನೋ ಕಂಠಪಾಠ ಒಪ್ಪಿಸುವುದು ಬೇಡ, ಮೊನ್ನೆ ಊರಲ್ಲಿ ನಡೆದದ್ದನ್ನು ಮೂರು ನಿಮಿಷ ಹೇಳಲಿ. ಫ್ಯಾನು ಆರಿಸಿ, ಕುಕ್ಕರು ಇಳಿಸಿ, ಹೊರಬಾಗಿಲು ಹಾಕಿಕೊಂಡು ನೀವೂ ಸುಮ್ಮನೆ ಕೂತುಕೊಳ್ಳಿ.