ನಿಂತ ಕಾರಿನಲ್ಲಿ ಒಂಟಿ ಕೂಸು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವರು. ಕೆಲವರು ಅಜ್ಜಿಯರೂ ಆಗಿರುವರು. ಅವರ ಮನೆಗಳ ಮುಂದೆ ಕಾರು ನಿಂತಿರುವದು ಈಗ ಸಾಮಾನ್ಯವಾದ ನೋಟ. ಬಾವಿಯ ಕಟ್ಟೆ, ಒಲೆಯ ಬೆಂಕಿ, ಬಚ್ಚಲಿನ ಹಂಡೆ ಇವುಗಳಿಂದ ಕೂಸುಗಳನ್ನು ಕಾಯುವ ರೀತಿಯನ್ನು ನಮ್ಮ ತಾಯಂದಿರು ನಮಗೆ ಹೇಳಿಕೊಟ್ಟರು. ಆದರೆ ನಿಂತಿರುವ ಕಾರಿನಿಂದ ಕೂಸನ್ನು ಕಾಯಬೇಕೆಂಬುದನ್ನು ಅವರು ಹೇಳಿಕೊಡಲಿಲ್ಲ. ಅವರ ಕಾಲದಲ್ಲಿ ಅದರ ಅಗತ್ಯವೂ ಇರಲಿಲ್ಲ. ಆದುದರಿಂದ ಆ ವಿಷಯವಾಗಿ ನಾಲ್ಕು ಮಾತುಗಳನ್ನು ಇಲ್ಲಿ ಬರೆಯಲು ಮನಸ್ಸು ಮಾಡಿದ್ದೇವೆ. ಓಡುವ ಗಾಡಿಯ ಅಪಾಯವನ್ನು ಎಲ್ಲರೂ ಬಲ್ಲರು. ನಿಂತ ಗಾಡಿಯಲ್ಲಿಯೂ ಅಪಾಯವುಂಟೆಂಬುದು ನಮಗೂ ತಡವಾಗಿಯೇ ತಿಳಿಯಿತು.

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಹಳೆಯ ವಿದ್ಯಾರ್ಥಿನಿಯರ ಕೆಲವು ಕುಟುಂಬಗಳೊಡನೆ ನಾವು ಕುಳಗಿಗೆ ಹೋಗಿದ್ದೆವು. ಕುಳಗಿಯು ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವು ಅಲ್ಲಿರುವದು. ಸುತ್ತಲಿನ ಅರಣ್ಯಕ್ಕೆ ೨೦೧೫ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಬಂದಿದೆ. ನಾಲ್ಕು ಕಾರುಗಳಲ್ಲಿ ಹೋದ ನಾವೆಲ್ಲರೂ ಒಂದು ಸಾಗುವಾನಿ ಮರದ ಕೆಳಗೆ ಗಾಡಿಗಳನ್ನು ನಿಲ್ಲಿಸಿದೆವು. ಹಿಂದಿನ ಆಸನದಲ್ಲಿ ಎರಡು ವರ್ಷದ ಒಂದು ಗಂಡು ಕೂಸು ಗಾಢವಾಗಿ ನಿದ್ರಿಸುತ್ತಿತ್ತು. ತಾಯಿಯು ಎತ್ತಿಕೊಳ್ಳಲು ಕೈ ಚಾಚಿದಾಗ, “ಎಬ್ಬಿಸಬೇಡವ್ವಾ, ನೆರಳಿದೆ, ಹತ್ತು ನಿಮಿಷ ಮಲಗಲಿ” ಎಂದು ಹೇಳಿದವರು ನಾವೇ. ಹಿರಿಯರ ಮಾತೆಂದು ಆಕೆ ಸುಮ್ಮನಾದಳು. ಕಾಜು ನಾಲ್ಕು ಬೆರಳಿನಷ್ಟು ಇಳಿದಿತ್ತು. ಹತ್ತು ನಿಮಿಷವೆಂದದ್ದು ಮಾತುಕತೆಯಲ್ಲಿ ಇಪ್ಪತ್ತೈದಾಯಿತು.

“ಅಕ್ಕೋರ, ಗಾಡಿಯಾಗ ಕೂಸು ಐತಲ್ರೀ!” ಎಂದು ಅಡಿಗೆಯ ಹೆಣ್ಣುಮಗಳೊಬ್ಬಳು ಕೂಗಿದಾಗ ನಾವು ಓಡಿದೆವು. ಕೂಸಿನ ಮೋರೆ ಕೆಂಪೇರಿ, ಕೂದಲು ತೊಯ್ದು, ಮೈ ಕೆಂಡದಂತೆ ಸುಡುತ್ತಿತ್ತು. ಅದು ಅಳಲು ಸಹ ಆಗದಷ್ಟು ಸೋತಿತ್ತು. ಒದ್ದೆ ಸೀರೆಯ ಸೆರಗಿನಿಂದ ಮೈಯೊರಸಿ, ಗಾಳಿ ಬೀಸಿ, ದಾಂಡೇಲಿಯ ವೈದ್ಯರ ಬಳಿಗೆ ಒಯ್ದೆವು. ದೇವರ ದಯದಿಂದ ಕೂಸು ಉಳಿಯಿತು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಏನಾಗುತ್ತಿತ್ತೆಂಬ ವಿಚಾರವು ನಮ್ಮನ್ನು ಇಂದಿಗೂ ಬಿಟ್ಟಿಲ್ಲ.

ನಾವು ಮಾಡಿದ ತಪ್ಪುಗಳು ಮೂರು. ಮೊದಲನೆಯದು, ನೆರಳನ್ನು ನಂಬಿದ್ದು. ಸಾಗುವಾನಿಯು ಬೇಸಿಗೆಯಲ್ಲಿ ಎಲೆಯುದುರಿಸುವ ಮರ. ಚೈತ್ರದಲ್ಲಿ ಅದರ ನೆರಳು ಜಾಳಿಗೆಯ ನೆರಳು. ಅದಲ್ಲದೆ ಸೂರ್ಯನು ನಡೆದಂತೆ ನೆರಳೂ ಸರಿಯುವದು. ಎರಡನೆಯದು, ಇಳಿಸಿದ ಕಾಜನ್ನು ನಂಬಿದ್ದು. ಮೂರನೆಯದು, ಹತ್ತು ನಿಮಿಷವೆಂಬ ನಮ್ಮದೇ ಮಾತನ್ನು ನಂಬಿದ್ದು.

ಕಾರಿನ ಒಳಗೆ ಅಷ್ಟು ಬೇಗ ಶಾಖವೇರಲು ಕಾರಣವೇನು? ಬಿಸಿಲಿನ ಬೆಳಕು ಕಾಜಿನ ಮೂಲಕ ಸರಾಗವಾಗಿ ಒಳಗೆ ಬರುವದು. ಕರಿಯ ಆಸನಗಳೂ ಚಾಲಕನ ಮುಂದಿನ ಹಲಗೆಯೂ ಅದನ್ನು ಹೀರಿಕೊಂಡು ಕಾದು, ತಮ್ಮ ಸುತ್ತಲಿನ ಗಾಳಿಯನ್ನು ಕಾಯಿಸುವವು. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ ತಂಪು ಗಾಳಿಗೆ ಎಡೆಗೊಡುವದು. ಮುಚ್ಚಿದ ಕಾರಿನಲ್ಲಿ ಅದಕ್ಕೆ ಹೊರಟುಹೋಗಲು ದಾರಿಯಿಲ್ಲ. ಅಮೇರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇದನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದರು. ಹೊರಗಿನ ಉಷ್ಣತೆಯು ೨೨ರಿಂದ ೩೫ ಡಿಗ್ರಿ ಸೆಂಟಿಗ್ರೇಡಿನವರೆಗೆ ಇದ್ದ ದಿನಗಳಲ್ಲಿ, ಒಂದು ತಾಸಿನೊಳಗೆ ಕಾರಿನ ಒಳಗಿನ ಶಾಖವು ಸರಾಸರಿ ೨೨ ಡಿಗ್ರಿಗಳಷ್ಟು ಏರಿತು. ಆ ಏರಿಕೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಮೊದಲ ಅರ್ಧ ತಾಸಿನಲ್ಲಿಯೇ ಆಯಿತು. ಕಾಜನ್ನು ತುಸು ಇಳಿಸಿದುದರಿಂದ ಗಣನೆಗೆ ಬರುವಷ್ಟು ಲಾಭವಾಗಲಿಲ್ಲ. ಹೊರಗೆ ೩೦ ಡಿಗ್ರಿಯಿದ್ದು ನಮಗೆ ಹಿತವೆನಿಸುವ ದಿನವೂ ಒಳಗೆ ೫೦ನ್ನು ದಾಟಬಹುದೆಂದು ಇದರಿಂದ ತಿಳಿಯುವದು.

ಅರಿಝೋನಾ ಪ್ರಾಂತದ ವಿಶ್ವವಿದ್ಯಾಲಯದವರು ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯು ನೆರಳಿನ ಮಾತನ್ನೂ ಇತ್ಯರ್ಥಮಾಡಿತು. ಕಡು ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನ ಗಾಳಿಯು ಒಂದು ತಾಸಿನಲ್ಲಿ ಸುಮಾರು ೪೭ ಡಿಗ್ರಿಗೂ, ನೆರಳಿನಲ್ಲಿ ನಿಂತ ಕಾರಿನದು ಸುಮಾರು ೩೮ ಡಿಗ್ರಿಗೂ ಬಂದಿತು. ಎರಡು ವರ್ಷದ ಮಗುವಿನ ಮೈ ಅಪಾಯದ ಮಟ್ಟವನ್ನು ಮುಟ್ಟಲು ಬಿಸಿಲಿನ ಕಾರಿನಲ್ಲಿ ಸುಮಾರು ಒಂದು ತಾಸು, ನೆರಳಿನಲ್ಲಿ ಸುಮಾರು ಎರಡು ತಾಸು ಸಾಕೆಂದು ಅವರು ಲೆಕ್ಕ ಹಾಕಿದರು. ಅಂದರೆ ನೆರಳು ಅಪಾಯವನ್ನು ಮುಂದೂಡುವದೇ ಹೊರತು ನಿವಾರಿಸಲಾರದು. ಇದು ಆರೋಗ್ಯವಂತ ಮಗುವಿನ ಲೆಕ್ಕ. ಜ್ವರ ಬಂದ ಕೂಸಿಗೂ ಹಸುಗೂಸಿಗೂ ಅಷ್ಟು ಕಾಲಾವಕಾಶವೂ ಇರದು.

ಮಗುವಿನ ಮೈಯು ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುವದು. ದೇಹದ ಒಳಗಿನ ಶಾಖವು ೪೦ ಡಿಗ್ರಿಯನ್ನು ಮುಟ್ಟಿದಾಗ ಉಷ್ಣಾಘಾತವು ತೊಡಗುವದು. ೪೧ನ್ನು ಮೀರಿದರೆ ಮಿದುಳು, ಹೃದಯ, ಮೂತ್ರಪಿಂಡಗಳು ಸೋಲುವವು. ವರ್ತಮಾನ ಪತ್ರಗಳು ಇಂಥ ಮರಣಗಳನ್ನು ‘ಉಸಿರುಗಟ್ಟಿ’ ಆದುವೆಂದು ಬರೆಯುವದುಂಟು. ಅದನ್ನೋದಿದವರು ತುಸು ಗಾಳಿಯಾಡಿದರೆ ಸಾಕೆಂದು ತಿಳಿಯುವರು. ಆದರೆ ಬಿಸಿಲಿನಲ್ಲಿ ನಿಂತ ಕಾರಿನೊಳಗಿನ ಗಾಳಿ ತೀರುವದಕ್ಕಿಂತ ಎಷ್ಟೋ ಮೊದಲು ಶಾಖವೇ ಪ್ರಾಣಕ್ಕೆ ಎರವಾಗುವದು. ಹಾಗೆಯೇ ಯಂತ್ರವನ್ನು ನಡೆಯಿಸಿ ತಂಪುಗಾಳಿ ಹಚ್ಚಿಟ್ಟು ಹೋಗುವದೂ ಕ್ಷೇಮವಲ್ಲ. ಯಂತ್ರವು ನಿಂತುಹೋಗಬಹುದು, ವಿಷದ ಹೊಗೆ ಒಳಗೆ ಸೇರಬಹುದು, ಕೂಸೇ ಗಾಡಿಯನ್ನು ಹೊರಡಿಸಬಹುದು.

ಈಗ ನಮ್ಮ ದೇಶದ ಸಂಗತಿಗಳನ್ನು ನೋಡೋಣ. ೨೦೨೪ರ ಮೇ ತಿಂಗಳಲ್ಲಿ ರಾಜಸ್ಥಾನದ ಕೋಟಾ ಜಿಲ್ಲೆಯಲ್ಲಿ ಮದುವೆಗೆ ಬಂದ ಕುಟುಂಬವೊಂದರ ಮೂರು ವರ್ಷದ ಹೆಣ್ಣು ಕೂಸು ಕಾರಿನಲ್ಲಿಯೇ ಉಳಿದು ತೀರಿಕೊಂಡಿತು. ತಂದೆಯು ತಾಯಿಯ ಬಳಿ ಇದೆಯೆಂದೂ, ತಾಯಿಯು ತಂದೆಯ ಬಳಿ ಇದೆಯೆಂದೂ ತಿಳಿದಿದ್ದರು. ಅದೇ ವರ್ಷದ ನವೆಂಬರದಲ್ಲಿ ಗುಜರಾತದ ಅಮ್ರೇಲಿ ಜಿಲ್ಲೆಯಲ್ಲಿ ಕೃಷಿ ಕೂಲಿಕಾರರ ನಾಲ್ಕು ಮಕ್ಕಳು, ೨೦೨೫ರ ಏಪ್ರಿಲದಲ್ಲಿ ತೆಲಂಗಾಣದ ಚೇವೆಳ್ಳದ ಹತ್ತಿರ ಎರಡು ಹೆಣ್ಣು ಮಕ್ಕಳು, ಅದೇ ಮೇ ೧೮ರಂದು ಆಂಧ್ರದ ವಿಜಯನಗರದ ಬಳಿಯ ದ್ವಾರಪೂಡಿಯಲ್ಲಿ ನಾಲ್ಕು ಮಕ್ಕಳು, ನಿಂತ ಕಾರಿನಲ್ಲಿ ಆಡಲು ಹೋಗಿ ಬಾಗಿಲು ತೆರೆಯಲಾರದೆ ಮರಣ ಹೊಂದಿದರು. ಅಮೇರಿಕೆಯಲ್ಲಿ ೧೯೯೮ರಿಂದ ಸಾವಿರಕ್ಕೂ ಮಿಕ್ಕಿ ಮಕ್ಕಳು ಹೀಗೆ ಸತ್ತಿರುವರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮರೆತುಹೋದವರು. ಸುಮಾರು ಕಾಲು ಪಾಲಿನವರು ತಾವಾಗಿ ಒಳಗೆ ಹೊಕ್ಕವರು.

ಹೆತ್ತ ಕೂಸನ್ನು ಮರೆಯುವವರು ಎಂಥ ಜನರು ಎಂದು ಕೆಲವರು ಕೇಳುವರು. ಫ್ಲಾರಿಡಾದ ವಿದ್ವಾಂಸರಾದ ಡೇವಿಡ್ ಡೈಮಂಡ್ ಎಂಬವರು ಈ ಮರೆವನ್ನು ಬಹುಕಾಲ ವಿಚಾರಿಸಿರುವರು. ದಿನವೂ ಮಾಡಿದ ಕೆಲಸವನ್ನು ಕೈಕಾಲುಗಳು ವಿಚಾರವಿಲ್ಲದೆ ಮಾಡಿಬಿಡುವವು. ಆ ದಿನ ಮಾತ್ರ ಮಾಡಬೇಕಾದ ಬೇರೊಂದು ಕೆಲಸವನ್ನು ರೂಢಿಯು ನುಂಗಿಬಿಡುವದು. ನಿದ್ರೆಗೆಟ್ಟ ದಿನ, ಮನಸ್ಸು ಕಲಕಿದ ದಿನ ಇದು ಹೆಚ್ಚು. ಕೂಸು ಹಿಂದೆ ಸದ್ದಿಲ್ಲದೆ ಮಲಗಿದ್ದರಂತೂ ನೆನಪಿಗೆ ಆಸರೆಯೇ ಇಲ್ಲ. ಪ್ರೀತಿಯುಳ್ಳವರಿಗೂ ಇದು ಸಂಭವಿಸುವದು. ಆದಕಾರಣ ‘ನಮಗೆ ಹಾಗಾಗದು’ ಎನ್ನುವವರೇ ಹೆಚ್ಚು ಜಾಗ್ರತೆಯಿಂದ ಇರತಕ್ಕದ್ದು.

ನಮ್ಮಲ್ಲಿ ಇನ್ನೊಂದು ವಿಶೇಷವುಂಟು. ಮದುವೆಗೆ, ಉಳವಿಯ ಜಾತ್ರೆಗೆ, ಕಾಡಿನ ಪ್ರವಾಸಕ್ಕೆ ನಾವು ಒಬ್ಬಿಬ್ಬರಾಗಿ ಹೋಗುವವರಲ್ಲ. ಅಜ್ಜಿ, ಅತ್ತೆ, ಚಿಕ್ಕಮ್ಮ, ಸೋದರಮಾವ ಎಲ್ಲರೂ ಕೂಸನ್ನು ಎತ್ತಿಕೊಳ್ಳುವರು. ಅದು ನಮ್ಮ ಭಾಗ್ಯವೇ ಸರಿ. ಆದರೆ ಹತ್ತು ಜನ ನೋಡಿಕೊಳ್ಳುವ ಕೂಸನ್ನು ಒಮ್ಮೊಮ್ಮೆ ಯಾರೂ ನೋಡಿಕೊಳ್ಳುವದಿಲ್ಲ. ಕೋಟಾದಲ್ಲಿ ಆದದ್ದು ಇದೇ. ಕುಳಗಿಯಲ್ಲಿ ಆಗುತ್ತಿದ್ದುದೂ ಇದೇ.

ಇಟಲಿ ದೇಶದಲ್ಲಿ ೨೦೧೯ರಿಂದ ನಾಲ್ಕು ವರ್ಷದೊಳಗಿನ ಮಕ್ಕಳ ಆಸನಕ್ಕೆ ಎಚ್ಚರಿಕೆಯ ಯಂತ್ರವಿರಬೇಕೆಂಬ ಕಾಯಿದೆಯಾಗಿದೆ. ಅಂಥ ಯಂತ್ರಗಳು ನಮ್ಮೆಲ್ಲರ ಗಾಡಿಗಳಿಗೆ ಬರುವವರೆಗೆ ಕಾದು ಕೂಡ್ರಬೇಕಾಗಿಲ್ಲ. ಖರ್ಚಿಲ್ಲದ ಕೆಲವು ನಿಯಮಗಳನ್ನು ಇಂದೇ ಪಾಲಿಸಬಹುದು:

ಕೂಸನ್ನು ಒಂದು ಕ್ಷಣಕ್ಕೂ ಕಾರಿನಲ್ಲಿ ಒಂಟಿಯಾಗಿ ಬಿಡಬಾರದು; ನಿದ್ರೆ ಕೆಟ್ಟರೆ ಕೆಡಲಿ.

ಕೂಸನ್ನು ಒಬ್ಬರಿಂದೊಬ್ಬರಿಗೆ ಕೊಡುವಾಗ ಬಾಯಿಬಿಟ್ಟು ಹೇಳಬೇಕು. ತೆಗೆದುಕೊಂಡವರು “ಕೂಸು ನನ್ನ ಹತ್ತಿರ ಇದೆ” ಎಂದು ಉತ್ತರ ಕೊಡಬೇಕು.

ಕೈಚೀಲವನ್ನೋ ಎಡಗಾಲಿನ ಚಪ್ಪಲಿಯನ್ನೋ ಕೂಸಿನ ಪಕ್ಕದಲ್ಲಿ ಇಡಬೇಕು. ಇಳಿಯುವಾಗ ಹಿಂದಿನ ಬಾಗಿಲನ್ನು ತೆರೆಯಲೇಬೇಕಾಗುವದು.

ಅಂಗಳದಲ್ಲಿ ನಿಂತ ಕಾರಿಗೂ ಕೀಲಿ ಹಾಕಬೇಕು. ಕೀಲಿಕೈ ಮಕ್ಕಳ ಕೈಗೆ ಸಿಗಬಾರದು. ಮಗು ಕಾಣದಿದ್ದರೆ ಬಾವಿ ಮತ್ತು ನೀರಿನ ತೊಟ್ಟಿಗಳನ್ನು ನೋಡಿದೊಡನೆ ಕಾರಿನ ಒಳಗನ್ನೂ ಡಿಕ್ಕಿಯನ್ನೂ ನೋಡಬೇಕು.

ನಾಲ್ಕು ವರ್ಷ ದಾಟಿದ ಮಗುವಿಗೆ, ಒಳಗೆ ಸಿಕ್ಕಿಕೊಂಡರೆ ಮುಂದಿನ ಆಸನಕ್ಕೆ ದಾಟಿ ಹಾರ್ನನ್ನು ಬಿಡದೆ ಒತ್ತಬೇಕೆಂದು ಕಲಿಸಬೇಕು.

ಬೇರೆಯವರ ಕಾರಿನಲ್ಲಿ ಒಂಟಿ ಕೂಸು ಕಂಡರೆ ‘ನಮಗೇಕೆ’ ಎಂದು ಮುಂದೆ ಹೋಗಬಾರದು. ಒಡೆಯನನ್ನು ಕೂಗಬೇಕು, ೧೧೨ಕ್ಕೆ ತಿಳಿಸಬೇಕು. ಕೂಸು ಸೋತಂತೆ ಕಂಡರೆ ಅದಕ್ಕೆ ದೂರವಾದ ಪಕ್ಕದ ಕಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕು. ಹೊರತೆಗೆದ ಕೂಡಲೆ ಅಂಗಿ ಬಿಚ್ಚಿ, ಒದ್ದೆ ಬಟ್ಟೆಯಿಂದ ಮೈ ತೋಯಿಸಿ, ಗಾಳಿ ಬೀಸುತ್ತ ೧೦೮ರ ಗಾಡಿಯನ್ನು ಕರೆಯಿಸಬೇಕು. ಎಚ್ಚರ ತಪ್ಪಿದ ಕೂಸಿನ ಬಾಯಿಗೆ ನೀರು ಹಾಕಬಾರದು.

ಕೊನೆಯದಾಗಿ ನಮ್ಮ ಶಾಲೆಯದೇ ಒಂದು ರೂಢಿಯನ್ನು ನೆನಪಿಗೆ ತರುವೆವು. ಪ್ರವಾಸ ಹೋದಾಗ ಗಾಡಿ ಹತ್ತುವಾಗಲೂ ಇಳಿಯುವಾಗಲೂ ಹೆಸರು ಹಿಡಿದು ಹಾಜರಿ ಕೂಗುತ್ತಿದ್ದೆವು. ನೀವು ಆಗ ಬೇಸರಪಟ್ಟು ನಗುತ್ತಿದ್ದಿರಿ. ಆ ದಿನ ಕುಳಗಿಯಲ್ಲಿ ನಾವು ಹಾಜರಿ ಕೂಗಲಿಲ್ಲ. ಕೂಸುಗಳ ಹೆಸರು ಹಾಜರಿಯ ಪುಸ್ತಕದಲ್ಲಿಲ್ಲವೆಂದು ತಿಳಿದೆವು. ಅಂದಿನಿಂದ ನಮ್ಮ ಯಾವ ಪ್ರವಾಸದಲ್ಲಿಯೂ ತೊಡೆಯ ಮೇಲಿನ ಕೂಸಿನ ಹೆಸರನ್ನು ಮೊದಲು ಕೂಗುತ್ತೇವೆ. ನೂರು ಕುರಿಗಳಲ್ಲಿ ಒಂದು ತಪ್ಪಿತೆಂದು ಸುವಾರ್ತೆಯ ಆ ಕುರುಬನಿಗೆ ತಿಳಿದದ್ದು ಅವನು ಎಣಿಸಿದ್ದರಿಂದಲ್ಲವೇ? ಈ ಬೇಸಿಗೆಯಲ್ಲಿ ನೀವು ಎಲ್ಲಿಗೆ ಹೋದರೂ ಗಾಡಿಯಿಂದಿಳಿದೊಡನೆ ನಿಮ್ಮ ಕೂಸುಗಳನ್ನು ಎಣಿಸಿರೆಂದು ನಿಮ್ಮ ಹಳೆಯ ಅಕ್ಕೋರ ಬಿನ್ನಹ.