ಐಗರಿನ ಉತ್ತರಭಿತ್ತಿ

ಬರಿಯ ಬಂಡೆಯನ್ನೇರುವುದು ಒಂದು ವಿದ್ಯೆ, ಬರಿಯ ಮಂಜುಗಡ್ಡೆಯನ್ನೇರುವುದು ಇನ್ನೊಂದು. ಆದರೆ ಬಂಡೆಗೆ ಒದಗುವ ಬೂಟು ಮಂಜಿನ ಮೇಲೆ ಜಾರುವುದರಿಂದಲೂ, ಮಂಜನ್ನು ಕಚ್ಚುವ ಉಕ್ಕಿನ ಹಲ್ಲು ಬಂಡೆಯ ಮೇಲೆ ಕಿರುಗುಟ್ಟಿ ಹಿಡಿತ ತಪ್ಪುವುದರಿಂದಲೂ, ಇವೆರಡೂ ಅಡಿಗಡಿಗೆ ಬೆರೆತು ಬರುವ ಮಾರ್ಗವು ಎರಡು ವಿದ್ಯೆಗಳಲ್ಲಿಯೂ ಪಳಗಿದವನನ್ನೇ ಕೇಳುತ್ತದೆ. ಸ್ವಿಟ್ಜರ್ಲೆಂಡಿನ ಐಗರ್ ಶಿಖರದ ಉತ್ತರಭಿತ್ತಿಗಿಂತ ಇದಕ್ಕೆ ಪ್ರಸಿದ್ಧವಾದ ನಿದರ್ಶನ ಮತ್ತೊಂದಿರಲಾರದು.

ಶಿಖರದ ಎತ್ತರ 3,967 ಮೀಟರು. ಭಿತ್ತಿಯೊಂದೇ ಸುಮಾರು 1,800 ಮೀಟರು. ಸುಣ್ಣಕಲ್ಲಿನ ಪದರಗಳು ಮಾಡಿನ ಹೆಂಚುಗಳಂತೆ ಕೆಳಮುಖವಾಗಿ ಇಳಿಬಿದ್ದಿರುವುದರಿಂದ ಕೈಗೆ ಆಸರೆ ದುರ್ಲಭ. ಸಡಿಲಗೊಂಡ ಕಲ್ಲುಗಳನ್ನು ಬಿಗಿಹಿಡಿದಿರುವುದು ಶೀತವೊಂದೇ. ಮಧ್ಯಾಹ್ನದ ಬಿಸಿಲು ಮೇಲ್ಭಾಗವನ್ನು ತಾಕಿ ಮಂಜುಗಡ್ಡೆ ಕರಗಿತೆಂದರೆ ಆ ಕಲ್ಲುಗಳೆಲ್ಲ ಏರುವವನ ತಲೆಯ ಮೇಲೆಯೇ ಉದುರತೊಡಗುತ್ತವೆ. 1936ರಲ್ಲಿ ನಾಲ್ವರು ತರುಣರು ನುಣುಪಾದ ಬಂಡೆಯೊಂದನ್ನು ಅಡ್ಡಲಾಗಿ ದಾಟಿ, ದಾಟಿದ ಹಗ್ಗವನ್ನು ಎಳೆದುಕೊಂಡರು. ಹಿಮ್ಮೆಟ್ಟಬೇಕಾಗಿ ಬಂದಾಗ ಆ ಬಂಡೆಯನ್ನು ಮರಳಿ ದಾಟಲಾಗದೆ ನಾಲ್ವರೂ ಮಡಿದರು.

1938ರ ಜುಲೈಯಲ್ಲಿ ಅದೇ ಭಿತ್ತಿಗೆ ಮೊದಲು ಹೊರಟವರು ಆಸ್ಟ್ರಿಯದ ಕಾಸ್ಪರೆಕ್ ಮತ್ತು ಹಾರರ್. ಕಾಸ್ಪರೆಕನ ಬೂಟಿಗೆ ಕ್ರಾಂಪಾನ್ ಎಂಬ, ಮಂಜನ್ನು ಕಚ್ಚುವ ಉಕ್ಕಿನ ಹಲ್ಲುಗಳ ಸಾಧನ ಕಟ್ಟಿತ್ತು; ಅದು ಹಳೆಯ ಮಾದರಿಯ ಹತ್ತು ಹಲ್ಲುಗಳದು. ಹಾರರನಿಗೆ ಮೊಳೆ ಬಡಿದ ಬೂಟುಗಳಲ್ಲದೆ ಬೇರೇನೂ ಇರಲಿಲ್ಲ. ಆದ್ದರಿಂದ ವಿಶಾಲವಾದ ಎರಡನೆಯ ಹಿಮಕ್ಷೇತ್ರದಲ್ಲಿ ಕೊಡಲಿಯಿಂದ ಒಂದೊಂದೇ ಮೆಟ್ಟಿಲನ್ನು ಕಡಿಯುತ್ತ ಸಾಗಬೇಕಾಯಿತು. ತರುವಾಯ ಹೊರಟ ಜರ್ಮನಿಯ ಹೆಕ್‌ಮೇರ್ ಮತ್ತು ಫೋರ್ಗ್ ಹನ್ನೆರಡು ಹಲ್ಲುಗಳ ಹೊಸ ಕ್ರಾಂಪಾನ್ ಕಟ್ಟಿದ್ದರು. ಅದರಲ್ಲಿ ಹೆಚ್ಚಿನ ಎರಡು ಹಲ್ಲುಗಳು ಬೂಟಿನ ತುದಿಯಿಂದ ಮುಂದಕ್ಕೆ ಚಾಚಿರುವುದರಿಂದ, ಮೆಟ್ಟಿಲೇ ಇಲ್ಲದ ಕಡಿದಾದ ಮಂಜಿನಲ್ಲಿಯೂ ತುದಿಗಾಲಿನಲ್ಲಿ ಒದ್ದು ನಿಲ್ಲಬಹುದು. ಮುಂದಿನವರನ್ನು ಅವರು ಬೇಗನೆ ಸೇರಿಕೊಂಡರು. ಬಳಿಕ ನಾಲ್ವರೂ ಒಂದಾಗಿ ಏರಿದರು. ಇದನ್ನು ನಾನು ಸೌಜನ್ಯವೆನ್ನುವುದಕ್ಕಿಂತ ಜಾಣ್ಮೆಯೆನ್ನುವೆನು.

‘ಬಿಳಿಯ ಜೇಡ’ವೆಂಬ ಕಡಿದಾದ ಹಿಮಕ್ಷೇತ್ರದಲ್ಲಿ ಹಿಮಪಾತವು ಅವರ ಮೇಲೆಯೇ ಹರಿದುಹೋಯಿತು, ಯಾರೂ ಕಳಚಿ ಬೀಳಲಿಲ್ಲ. ಅದರ ಮೇಲಿನ ಬಿರುಕುಗಳಲ್ಲಿ ಹೆಕ್‌ಮೇರ್ ಜಾರಿದಾಗ, ಕೆಳಗಿದ್ದ ಫೋರ್ಗ್ ಅವನ ಪಾದಗಳಿಗೆ ಕೈಯೊಡ್ಡಿ ತಡೆದನು: ಅಷ್ಟು ದೂರ ಇಬ್ಬರನ್ನೂ ಹೊತ್ತು ತಂದ ಆ ಹರಿತವಾದ ಹಲ್ಲುಗಳೇ ಅವನ ಅಂಗೈಯನ್ನು ತೂರಿದವು. ಗಾಯಕ್ಕೆ ಪಟ್ಟಿ ಕಟ್ಟಿಕೊಂಡು ಮತ್ತೆ ಏರಿದರು. ಜುಲೈ 24ರ ಮಧ್ಯಾಹ್ನ ಶಿಖರವನ್ನು ಮುಟ್ಟಿದರು.

1961ರ ಮಾರ್ಚಿನಲ್ಲಿ ಚಳಿಗಾಲದ ಮೊದಲ ಆರೋಹಣವಾಯಿತು. ಕಲ್ಲುಗಳನ್ನು ಹಿಮವು ಬಂಧಿಸಿಡುವ ಚಳಿಯ ತಿಂಗಳುಗಳನ್ನೇ ಇಂದು ನುರಿತವರು ಆರಿಸಿಕೊಳ್ಳುತ್ತಾರೆ. ಮಂಜು ಮುಗಿದಲ್ಲಿ ಗಿಡ್ಡ ಕೊಡಲಿಯ ಮೊನೆಯನ್ನು ಬಂಡೆಯ ಬಿರುಕಿಗೇ ಸಿಕ್ಕಿಸಿ ತೂಗುತ್ತಾರೆ. 2015ರಲ್ಲಿ ಯೂಲಿ ಸ್ಟೆಕ್ ಇದೇ ಮಾರ್ಗವನ್ನು ಒಬ್ಬನೇ 2 ಗಂಟೆ 22 ನಿಮಿಷಗಳಲ್ಲಿ ಏರಿದನು. ಆದರೆ ಮುಂದೇನಿದೆಯೆಂದು ತಿಳಿಯದೆಯೇ ಮೇಲೇರಿದ 1938ರ ಆ ನಾಲ್ವರ ದಿನಗಳನ್ನು ಈ ಗಡಿಯಾರದಿಂದ ಅಳೆಯುವುದು ನನಗೆ ಸರಿದೋರದು.