ಮೂರೆಲೆಯ ಹುಳಿ ಕಳೆ: ಹೂವಿನ ಬಣ್ಣ ನೋಡಿ ಗುದ್ದಲಿ ಹಿಡಿಯಿರಿ

ಹಿಪ್ಪುನೇರಳೆ ಸಾಲಿನಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ, ತರಕಾರಿ ಮಡಿಯಲ್ಲಿ, ಮನೆ ಮುಂದಿನ ಹೂದೋಟದಲ್ಲಿ, ಹೀಗೆ ತೇವವಿರುವ ಕಡೆಯೆಲ್ಲ ನೆಲಮಟ್ಟದಲ್ಲಿ ಬೆಳೆಯುವ ಮೂರೆಲೆಯ ಹುಳಿ ಸೊಪ್ಪು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ರೈತರಿಗೆ ಹೊಸದಲ್ಲ. ಕನ್ನಡದಲ್ಲಿ ಇದು ಪುಲ್ಲಂಪುರಚಿ. ತೆಲುಗು ಮನೆಮಾತಿನವರಿಗೆ ಪುಲಿಚಿಂತ. ಆದರೆ ನೋಡಲು ಒಂದೇ ಬಗೆಯಾದ ಎರಡು ಗಿಡಗಳಿವೆ. ಒಂದನ್ನು ಕಿತ್ತರೆ ಹೋಗುತ್ತದೆ. ಇನ್ನೊಂದನ್ನು ಅಗೆದಷ್ಟೂ ಹೆಚ್ಚುತ್ತದೆ.

ಗುರುತಿಸುವ ಬಗೆ

ಹಳದಿ ಹೂವಿನದು ನಿಜವಾದ ಪುಲ್ಲಂಪುರಚಿ. ಇದರ ಶಾಸ್ತ್ರೀಯ ಹೆಸರು ಆಕ್ಸಾಲಿಸ್ ಕಾರ್ನಿಕ್ಯುಲೇಟ. ತೆಳು ಕಾಂಡ ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಎಲೆ ಸಣ್ಣದು, ಹೃದಯದ ಆಕಾರದ್ದು. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲುತ್ತದೆ.

ಗುಲಾಬಿ ಹೂವಿನದು ಆಕ್ಸಾಲಿಸ್ ಲ್ಯಾಟಿಫೋಲಿಯ. ಅಮೆರಿಕ ಖಂಡದ ಬಿಸಿ ಪ್ರದೇಶದ ಈ ಗಿಡ ಅಂದಕ್ಕೆಂದು ಹಲವು ದೇಶಗಳ ತೋಟಗಳನ್ನು ಸೇರಿ, ಅಲ್ಲಿಂದ ಕಳೆಯಾಗಿ ಹಬ್ಬಿತು. ನೆಲದ ಮೇಲೆ ಇದಕ್ಕೆ ಕಾಂಡವೇ ಇಲ್ಲ. ಉದ್ದ ತೊಟ್ಟಿನ ಎಲೆಗಳು ನೇರವಾಗಿ ಮಣ್ಣಿನಿಂದ ಏಳುತ್ತವೆ. ಎಲೆಯ ಮೂರು ಭಾಗಗಳೂ ಅಗಲವಾಗಿದ್ದು, ತುದಿ ಮೀನಿನ ಬಾಲದಂತೆ ಕವಲೊಡೆದಿರುತ್ತದೆ. ಹೂವಿಲ್ಲದ ಕಾಲದಲ್ಲಿ ಸಂಶಯ ಬಂದರೆ ಒಂದು ಗಿಡವನ್ನು ಮಣ್ಣು ಸಮೇತ ಎತ್ತಿ ನೋಡಿ. ಬುಡದಲ್ಲಿ ಈರುಳ್ಳಿಯಂಥ ಪುಟ್ಟ ಗೆಡ್ಡೆ, ಅದರ ಸುತ್ತ ಮರಿಗೆಡ್ಡೆಗಳು ಕಂಡರೆ ಇದೇ ಆ ಕಳೆ.

ಅಗೆದರೆ ಏಕೆ ಹೆಚ್ಚುತ್ತದೆ?

ಇದು ಹರಡುವುದು ಮುಖ್ಯವಾಗಿ ಮರಿಗೆಡ್ಡೆಗಳಿಂದ. ಎಲೆ ಹಿಡಿದು ಎಳೆದರೆ ತೊಟ್ಟು ಕಿತ್ತು ಬರುತ್ತದೆ, ಗೆಡ್ಡೆ ಮಣ್ಣಿನಲ್ಲೇ ಉಳಿಯುತ್ತದೆ. ಕುಂಟೆ ಹೊಡೆದರೆ, ರೋಟವೇಟರ್ ಓಡಿಸಿದರೆ ಮರಿಗೆಡ್ಡೆಗಳು ಚದುರಿ, ಒಂದು ಮೂಲೆಯ ಕಳೆ ತೋಟವೆಲ್ಲ ಹಬ್ಬುತ್ತದೆ. ಕಳೆನಾಶಕದಿಂದ ಎಲೆ ಒಣಗಿದರೂ ಮರಿಗೆಡ್ಡೆಗಳು ಮತ್ತೆ ಚಿಗುರುತ್ತವೆ. ಅಲ್ಲದೆ ಔಷಧ ಬಿದ್ದ ಹಿಪ್ಪುನೇರಳೆ ಸೊಪ್ಪು ರೇಷ್ಮೆ ಹುಳುವಿಗೆ ಅಪಾಯ.

ಮಾಡಬೇಕಾದ್ದು

ಕಳೆ ಅಲ್ಲಲ್ಲಿ ಇರುವಾಗಲೇ ಗುದ್ದಲಿಯಿಂದ ಆಳಕ್ಕೆ ಅಗೆದು, ಗೆಡ್ಡೆಗಳನ್ನು ಮಣ್ಣು ಸಮೇತ ಬಾಂಡ್ಲಿಗೆ ತುಂಬಿ ಹೊರಗೆ ಸಾಗಿಸಬೇಕು. ಅದನ್ನು ತಿಪ್ಪೆಗೆ ಹಾಕಲೇಬಾರದು. ಗೊಬ್ಬರದ ಜೊತೆ ಮತ್ತೆ ಹೊಲ ಸೇರುತ್ತದೆ. ಉಳಿದ ಗೆಡ್ಡೆಗಳಿಂದ ಹೊಸ ಎಲೆ ಕಂಡೊಡನೆ, ಮರಿಗೆಡ್ಡೆ ಕಟ್ಟುವ ಮುನ್ನವೇ ತೆಗೆಯುತ್ತಿರಬೇಕು. ಇದು ಒಂದು ಸಲಕ್ಕೆ ಮುಗಿಯುವ ಕೆಲಸವಲ್ಲ. ಹನಿ ನೀರಾವರಿಯ ಟೊಮೆಟೊ ಸಾಲಿಗೆ ಹಾಸುವ ಕಪ್ಪು ಪ್ಲಾಸ್ಟಿಕ್ ಹೊದಿಕೆ ಬೆಳಕು ತಡೆದು ಕಳೆಯನ್ನು ಹತ್ತಿಕ್ಕುತ್ತದೆ. ಕಳೆಯಿರುವ ತಾಕಿನಲ್ಲಿ ಉಪಯೋಗಿಸಿದ ಗುದ್ದಲಿ, ನೇಗಿಲುಗಳ ಮಣ್ಣನ್ನು ಅಲ್ಲೇ ಕೊಡವಿ ಬರಬೇಕು. ನರ್ಸರಿಯಿಂದ ಸಸಿ ತರುವಾಗ ಬೇರಿನ ಮಣ್ಣನ್ನೂ ಪರೀಕ್ಷಿಸಿ.

ಸೊಪ್ಪಿನಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಕುರಿ, ಮೇಕೆಗಳಿಗೆ ಹೊರೆಗಟ್ಟಲೆ ಹಾಕುವುದು ಒಳ್ಳೆಯದಲ್ಲ.

ಗಿಡ ಯಾವುದೆಂದು ತಿಳಿಯದಿದ್ದರೆ ಗೆಡ್ಡೆ ಸಮೇತ ಒಂದು ಗಿಡವನ್ನು ಚಿಂತಾಮಣಿ ತಾಲ್ಲೂಕು ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಬಹುದು. ಗುಲಾಬಿ ಹೂವು ನೋಡಲು ಚೆಂದವೆಂದು ಮಾತ್ರ ತೋಟದಲ್ಲಿ ಉಳಿಸಿಕೊಳ್ಳಬೇಡಿ.